ಸಿಂಗಪುರದ ಹವೆ: ತಿಂಗಳಿಗಿಂತ ಗಂಟೆ ಮುಖ್ಯ

ಸಿಂಗಪುರದಲ್ಲಿ ವರ್ಷದ ಅತಿ ಸೆಕೆಯ ತಿಂಗಳಿಗೂ ಅತಿ ತಂಪಿನ ತಿಂಗಳಿಗೂ ನಡುವೆ ಎರಡು ಡಿಗ್ರಿಯಷ್ಟೂ ಅಂತರವಿಲ್ಲ. 1991ರಿಂದ 2020ರವರೆಗಿನ ಸರಾಸರಿ ತೆಗೆದುಕೊಂಡರೆ ಮೇ ತಿಂಗಳದು 28.6 ಡಿಗ್ರಿ ಸೆಲ್ಸಿಯಸ್, ಡಿಸೆಂಬರ್ ಮತ್ತು ಜನವರಿಯದು 26.8. ಆದರೆ ಒಂದೇ ದಿನದೊಳಗೆ, ಬೆಳಗಿನ ಜಾವದ 24–25ರಿಂದ ಮಧ್ಯಾಹ್ನದ 32ರವರೆಗೆ, ಏಳೆಂಟು ಡಿಗ್ರಿ ಏರಿಳಿತ ಇರುತ್ತದೆ. ಸಮಭಾಜಕ ವೃತ್ತದಿಂದ ಬರೀ 1.35 ಡಿಗ್ರಿ ಉತ್ತರಕ್ಕೆ, ಅಂದರೆ ಸುಮಾರು 150 ಕಿಲೋಮೀಟರ್ ದೂರದಲ್ಲಿ, ಸುತ್ತ ಬೆಚ್ಚನೆಯ ಸಮುದ್ರದ ನಡುವೆ ಇರುವ ಊರಿನ ಸ್ವಭಾವ ಇದು. ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಇಲ್ಲಿಗೆ ಬಂದು ನೆಲೆಸುವವರು ‘ಯಾವ ತಿಂಗಳು ಹೇಗಿರುತ್ತದೆ’ ಎಂದು ಕೇಳುತ್ತಾರೆ. ‘ಎಷ್ಟು ಗಂಟೆಗೆ ಹೇಗಿರುತ್ತದೆ’ ಎಂದು ಕೇಳಿದರೆ ಹೆಚ್ಚು ಉಪಯೋಗ. ಬಟ್ಟೆ ಒಣಗಿಸುವುದು, ಓಡಲು ಹೋಗುವುದು, ಹಿಟ್ಟು ಹುದುಗಿಸುವುದು, ಬಾಡಿಗೆ ಮನೆ ಆರಿಸುವುದು, ಎಲ್ಲಕ್ಕೂ ಇದೇ ಲೆಕ್ಕ.

ಇಲ್ಲಿ ದಾಖಲಾದ ಗರಿಷ್ಠ ಉಷ್ಣತೆ 37.0 ಡಿಗ್ರಿ. 1983ರ ಏಪ್ರಿಲ್‌ನಲ್ಲಿ ಒಮ್ಮೆ, 2023ರ ಮೇ ತಿಂಗಳಲ್ಲಿ ಇನ್ನೊಮ್ಮೆ. ಕನಿಷ್ಠ 19.0, ಅದು 1989ರ ಫೆಬ್ರವರಿಯಲ್ಲಿ. ರಾಯಚೂರು, ಕಲಬುರಗಿ ಕಡೆಯವರಿಗೆ 37 ದೊಡ್ಡ ಸಂಖ್ಯೆಯಾಗಿ ಕಾಣುವುದಿಲ್ಲ, ನಿಜ. ಆದರೆ ಅಲ್ಲಿಯ ಒಣ ಬಿಸಿಲಿನಲ್ಲಿ ಬೆವರು ಹುಟ್ಟಿದ ಕೂಡಲೇ ಆರಿ ಮೈ ತಣ್ಣಗಾಗುತ್ತದೆ. ಇಲ್ಲಿ ಬೆವರು ಆರುವುದೇ ಇಲ್ಲ, ಹರಿಯುತ್ತದೆ. ಹರಿದ ಬೆವರು ಮೈಯ ಬಿಸಿಯನ್ನು ಒಯ್ಯುವುದಿಲ್ಲ. ಮಂಗಳೂರು, ಕಾರವಾರದಲ್ಲಿ ಬೆಳೆದವರಿಗೆ ಮೇ ತಿಂಗಳ ಕೊನೆಯ ವಾರದ ಸೆಕೆ ಗೊತ್ತಲ್ಲ, ಮಳೆ ಇನ್ನೇನು ಬರಬೇಕು ಎನ್ನುವಾಗಿನದು. ಇಲ್ಲಿ ಹನ್ನೆರಡೂ ತಿಂಗಳು ಅದರ ಆಸುಪಾಸಿನಲ್ಲೇ ಕಳೆಯುತ್ತವೆ.

ಬಿಸಿಲು ಮತ್ತು ಗಡಿಯಾರ

ಹಗಲು ವರ್ಷಪೂರ್ತಿ ಹನ್ನೆರಡು ಗಂಟೆ ಚಿಲ್ಲರೆ. ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಹತ್ತು ನಿಮಿಷದ ವ್ಯತ್ಯಾಸವೂ ಇಲ್ಲ. ಹಾಗಾದರೆ ಬೆಳಗ್ಗೆ ಆರಕ್ಕೆ ಸೂರ್ಯೋದಯ ಎಂದುಕೊಳ್ಳಬೇಡಿ. ರೇಖಾಂಶದ ಪ್ರಕಾರ ಈ ಊರಿನ ಸಮಯ ಗ್ರೀನಿಚ್‌ಗಿಂತ 6 ಗಂಟೆ 55 ನಿಮಿಷ ಮುಂದಿರಬೇಕಿತ್ತು. 1982ರ ಜನವರಿ 1ರಿಂದ ಗಡಿಯಾರ ಇಟ್ಟುಕೊಂಡಿರುವುದು 8 ಗಂಟೆ ಮುಂದೆ. ಹಾಗಾಗಿ ಸೂರ್ಯ ಹುಟ್ಟುವುದು ಸುಮಾರು 6.46ರಿಂದ 7.17ರೊಳಗೆ, ಮುಳುಗುವುದು ಸಂಜೆ 6.50ರಿಂದ 7.21ರೊಳಗೆ. ನಡುನೆತ್ತಿಗೆ ಬರುವುದು ಒಂದು ಗಂಟೆಯ ಹೊತ್ತಿಗೆ: ನವೆಂಬರ್ ಮೊದಲಲ್ಲಿ 12.48ರ ಸುಮಾರಿಗೆ, ಫೆಬ್ರವರಿಯಲ್ಲಿ 1.19ರವರೆಗೆ.

ಇದರಿಂದ ಆಗುವ ಎಡವಟ್ಟುಗಳು ಒಂದೆರಡಲ್ಲ. ‘ಹನ್ನೆರಡಕ್ಕೆ ಬಿಸಿಲು ಜೋರು, ಎರಡರ ನಂತರ ಇಳಿಯುತ್ತದೆ’ ಎಂಬ ಊರಿನ ಅಂದಾಜು ಇಲ್ಲಿ ನಡೆಯುವುದಿಲ್ಲ. ಬೆಳಗ್ಗೆ 11ರಿಂದ ಮಧ್ಯಾಹ್ನ 3ರವರೆಗೆ ನೇರಳಾತೀತ ಕಿರಣದ ಸೂಚ್ಯಂಕ ಎಷ್ಟೋ ದಿನ 11 ದಾಟುತ್ತದೆ. ಮಾಪನದಲ್ಲಿ ಅದು ಕೊನೆಯ, ‘ವಿಪರೀತ’ ಎನ್ನುವ ದರ್ಜೆ. ತೆಳು ಮೋಡ ಇದ್ದರೆ ಬಿಸಿಲಿನ ಝಳ ತಗ್ಗಿದಂತೆ ಅನ್ನಿಸುತ್ತದೆ, ಆದರೆ ಈ ಕಿರಣ ಬಹುಪಾಲು ತೂರಿಬರುತ್ತದೆ. ಈಜುಕೊಳಕ್ಕೆ ಮಕ್ಕಳನ್ನು ಕರೆದೊಯ್ಯುವವರು ಒಂಬತ್ತಕ್ಕೆ ಮುಗಿಸಿ, ಇಲ್ಲವೇ ಐದರ ನಂತರ ಹೊರಡಿ.

ಪಂಚಾಂಗ ನೋಡುವವರಿಗೆ ಒಂದು ಮಾತು. ರಾಹುಕಾಲದ ಸಾಮಾನ್ಯ ಕೋಷ್ಟಕ ಆರು ಗಂಟೆಗೆ ಸೂರ್ಯೋದಯ ಎಂದು ಹಿಡಿದು ಮಾಡಿದ್ದು. ಸೋಮವಾರ ಏಳೂವರೆಯಿಂದ ಒಂಬತ್ತು ಎಂದು ಬಾಯಿಪಾಠ ಇರುವವರು ಇಲ್ಲಿ ಅದಕ್ಕೆ ಸುಮಾರು ಒಂದು ಗಂಟೆ ಸೇರಿಸಿಕೊಳ್ಳಬೇಕು. ಹಗಲು ಹನ್ನೆರಡು ಗಂಟೆಯೇ ಆದ್ದರಿಂದ ಎಂಟನೇ ಒಂದು ಭಾಗ ವರ್ಷಪೂರ್ತಿ ತೊಂಬತ್ತು ನಿಮಿಷವೇ. ಆ ಮಟ್ಟಿಗೆ ಲೆಕ್ಕ ಊರಿಗಿಂತ ಸುಲಭ. ಆ ದಿನದ ಸೂರ್ಯೋದಯ ನೋಡಿ ಅಲ್ಲಿಂದ ಎಣಿಸಿದರೆ ಆಯಿತು.

ಶೂನ್ಯ ನೆರಳಿನ ದಿನ ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ಬರುತ್ತದೆ. ಸಿಂಗಪುರದಲ್ಲಿ ಅದು ಮಾರ್ಚ್ 23–24 ಮತ್ತು ಸೆಪ್ಟೆಂಬರ್ 19–20ರ ಹೊತ್ತಿಗೆ. ಆ ದಿನ ಮಧ್ಯಾಹ್ನ ಒಂದರ ಆಸುಪಾಸಿನಲ್ಲಿ ದೀಪದ ಕಂಬದ ನೆರಳು ಕಂಬದ ಬುಡದಲ್ಲೇ ಕರಗಿಹೋಗುತ್ತದೆ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ನಡುವಿನವರೆಗೆ ನಡುಹಗಲಿನ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ, ಉಳಿದ ಅರ್ಧ ವರ್ಷ ದಕ್ಷಿಣಕ್ಕೆ. ಉತ್ತರ ದಿಕ್ಕಿನ ಬಾಲ್ಕನಿಯಲ್ಲಿ ಜೂನ್‌ನಲ್ಲಿ ಚೆನ್ನಾಗಿದ್ದ ತುಳಸಿ ಡಿಸೆಂಬರ್‌ನಲ್ಲಿ ಸೊರಗಿದರೆ ಕಾರಣ ಗೊಬ್ಬರದ ಕೊರತೆ ಇರಲಾರದು, ಬಿಸಿಲು ಮನೆಯ ಆ ಬದಿಗೆ ಹೋಗಿರುತ್ತದೆ. ಕುಂಡವನ್ನೂ ಆ ಬದಿಗೆ ಸಾಗಿಸಿ.

ಮನೆ ಹುಡುಕುವಾಗ ದಿಕ್ಸೂಚಿ ಜೊತೆಗಿರಲಿ. ಸೂರ್ಯ ಇಲ್ಲಿ ಪೂರ್ವದಿಂದ ನೇರವಾಗಿ ಮೇಲೇರಿ ನೇರವಾಗಿ ಪಶ್ಚಿಮಕ್ಕೆ ಇಳಿಯುವುದರಿಂದ ಪೂರ್ವ, ಪಶ್ಚಿಮದ ಗೋಡೆಗಳಿಗೆ ವರ್ಷವಿಡೀ ಬಿಡುವಿಲ್ಲ. ಉತ್ತರ, ದಕ್ಷಿಣದ ಗೋಡೆಗಳಿಗೆ ಬೀಳುವುದು ಓರೆ ಬಿಸಿಲು. ಲೆಕ್ಕ ಹಾಕಿ ನೋಡಿ: ದಕ್ಷಿಣದ ಕಿಟಕಿಯ ಮೇಲೆ 60 ಸೆಂಟಿಮೀಟರ್ ಸಜ್ಜಾ ಇದ್ದರೆ, ಸೂರ್ಯ ದಕ್ಷಿಣಕ್ಕೆ ಅತಿ ಹೆಚ್ಚು ವಾಲುವ ಡಿಸೆಂಬರ್ 21ರ ನಡುಹಗಲಲ್ಲೂ ಅದರ ನೆರಳು ಕೆಳಗೆ ಸುಮಾರು 130 ಸೆಂಟಿಮೀಟರ್ ಇಳಿಯುತ್ತದೆ, ಕಿಟಕಿ ಹೆಚ್ಚುಕಡಿಮೆ ಪೂರ್ತಿ ಮುಚ್ಚಿದಂತೆ. ಅಷ್ಟೇ ಸಜ್ಜಾ ಪಶ್ಚಿಮದ ಕಿಟಕಿಗೆ ಇದ್ದರೆ ಸಂಜೆ ಐದಕ್ಕೆ ಸಿಗುವ ನೆರಳು 35–40 ಸೆಂಟಿಮೀಟರ್ ಮಾತ್ರ. ಉಳಿದ ಗಾಜಿನ ತುಂಬ ಬಿಸಿಲು ಒಳಗೆ ಬರುತ್ತದೆ, ಕಾಂಕ್ರೀಟ್ ಗೋಡೆ ಆ ಶಾಖವನ್ನು ಹಿಡಿದಿಟ್ಟು ರಾತ್ರಿ ಹತ್ತು ಹನ್ನೊಂದರವರೆಗೆ ಕೋಣೆಯೊಳಕ್ಕೆ ಬಿಡುತ್ತದೆ. ಆದ್ದರಿಂದ ಬಾಡಿಗೆ ಮನೆಯನ್ನು ಬೆಳಗ್ಗೆ ನೋಡಬೇಡಿ. ಸಂಜೆ ಐದರಿಂದ ಏಳರ ನಡುವೆ ಹೋಗಿ, ಮಲಗುವ ಕೋಣೆಯ ಹೊರಗೋಡೆಗೆ ಒಳಗಿನಿಂದ ಅಂಗೈ ಒತ್ತಿ ನೋಡಿ. ಬೆಚ್ಚಗಿದ್ದರೆ ಆ ಮನೆಯ ಕರೆಂಟ್ ಬಿಲ್ ಹೆಚ್ಚು ಬರುತ್ತದೆ ಎಂದೇ ತಿಳಿಯಿರಿ.

ಮಳೆ

ವರ್ಷಕ್ಕೆ ಸರಾಸರಿ 2,113 ಮಿಲಿಮೀಟರ್ ಮಳೆ, 171 ಮಳೆ ದಿನಗಳು. ಮಂಗಳೂರಿನಲ್ಲಿ ಇದಕ್ಕಿಂತ ಬಹಳ ಹೆಚ್ಚು ಬೀಳುತ್ತದೆ, ಆದರೆ ಬಹುಪಾಲು ಜೂನ್–ಸೆಪ್ಟೆಂಬರ್ ನಾಲ್ಕೇ ತಿಂಗಳಲ್ಲಿ. ಇಲ್ಲಿ ಮಳೆಯಿಲ್ಲದ ತಿಂಗಳು ಎಂಬುದಿಲ್ಲ. ಸರಾಸರಿಯಲ್ಲಿ ಅತಿ ಕಡಿಮೆಯ ಫೆಬ್ರವರಿಗೂ ಸುಮಾರು 105 ಮಿಲಿಮೀಟರ್ ಇದೆ. ಅತಿ ಹೆಚ್ಚಿನ ಡಿಸೆಂಬರ್‌ಗೆ 330ರ ಸುಮಾರು. ತಿಂಗಳಿಂದ ತಿಂಗಳಿಗೆ ಬದಲಾಗುವುದು ಮಳೆಯ ಮೊತ್ತಕ್ಕಿಂತ ಹೆಚ್ಚಾಗಿ ಮಳೆ ಬರುವ ಹೊತ್ತು ಮತ್ತು ಬರುವ ದಿಕ್ಕು. ಅದು ತಿಳಿದರೆ ಕೊಡೆ ಎಂದು ಬೇಕು ಎಂಬ ಅಂದಾಜು ತಾನಾಗಿ ಸಿಗುತ್ತದೆ.

ಡಿಸೆಂಬರ್‌ನಿಂದ ಮಾರ್ಚ್ ಮೊದಲ ಭಾಗದವರೆಗೆ ಈಶಾನ್ಯ ಮಾನ್ಸೂನ್. ಇದರಲ್ಲಿ ಎರಡು ಪಾಲು. ಡಿಸೆಂಬರ್–ಜನವರಿ ಒದ್ದೆ ಪಾಲು, ಫೆಬ್ರವರಿಯಿಂದ ಒಣ ಪಾಲು. ಒದ್ದೆ ಪಾಲಿನಲ್ಲಿ ಏಷ್ಯಾ ಖಂಡದ ಉತ್ತರದ ಚಳಿಗಾಳಿ ದಕ್ಷಿಣ ಚೀನಾ ಸಮುದ್ರದ ಮೇಲಿಂದ ಬೀಸಿಬರುತ್ತ ದಾರಿಯುದ್ದಕ್ಕೂ ನೀರಾವಿ ಹೀರಿಕೊಂಡು ಇಲ್ಲಿ ಸುರಿಯುತ್ತದೆ. ಇದನ್ನು ಮಾನ್ಸೂನ್ ಸರ್ಜ್ ಎನ್ನುತ್ತಾರೆ. ಒಂದು ಋತುವಿಗೆ ಎರಡರಿಂದ ನಾಲ್ಕು ಸಲ, ಒಂದೊಂದು ಸಲ ಒಂದರಿಂದ ಐದು ದಿನ. ಗುಡುಗು ಕಡಿಮೆ, ಮಲೆನಾಡಿನ ಜಡಿಮಳೆಯಂತೆ ಬಿಡದೆ ಹೊಯ್ಯುತ್ತದೆ, ಉಷ್ಣತೆ ಹಗಲಲ್ಲೂ 22–24ಕ್ಕೆ ಇಳಿಯುತ್ತದೆ. ವರ್ಷದಲ್ಲಿ ಫ್ಯಾನ್ ಆರಿಸಿ ಹೊದ್ದು ಮಲಗುವ ರಾತ್ರಿಗಳು ಇವು ಮಾತ್ರ. ಬಟ್ಟೆ ಒಣಗದ ದಿನಗಳೂ ಇವೇ. 1978ರ ಡಿಸೆಂಬರ್ 2ರಂದು ಪಾಯಾ ಲೇಬಾರ್‌ನಲ್ಲಿ ಒಂದೇ ದಿನ 512.4 ಮಿಲಿಮೀಟರ್ ಬಿದ್ದದ್ದು ಈ ಕಾಲದಲ್ಲೇ.

ಫೆಬ್ರವರಿ ಹೊತ್ತಿಗೆ ಮಳೆಯ ಪಟ್ಟಿ ದಕ್ಷಿಣಕ್ಕೆ, ಜಾವಾ ಕಡೆಗೆ ಸರಿದಿರುತ್ತದೆ. ಗಾಳಿ ಅದೇ ಈಶಾನ್ಯದಿಂದ ಬೀಸುತ್ತದೆ, ಆದರೆ ಒಣದಾಗಿ. ಆಕಾಶ ತಿಳಿ, ರಾತ್ರಿ ಹಿತ. 2014ರ ಫೆಬ್ರವರಿಯಲ್ಲಂತೂ ದ್ವೀಪದ ಪೂರ್ವ ತುದಿಯ ಚಾಂಗಿಯಲ್ಲಿ ಇಡೀ ತಿಂಗಳಿಗೆ 0.2 ಮಿಲಿಮೀಟರ್ ಮಳೆ. ಈ ಒಣ ವಾರಗಳ ನಂತರ ಮೊದಲ ಮಳೆ ಬಿದ್ದಾಗ, ಮಾರ್ಚ್–ಏಪ್ರಿಲ್‌ನಲ್ಲಿ, ರಸ್ತೆ ಬದಿಯ ಟಬೆಬುಯಾ ಮರಗಳು ಗುಲಾಬಿ, ಬಿಳಿ ಬಣ್ಣದಲ್ಲಿ ಹೂ ಬಿಡುತ್ತವೆ. ಬೆಂಗಳೂರಿನ ರಸ್ತೆಗಳನ್ನು ಪ್ರತಿ ವರ್ಷ ಗುಲಾಬಿ ಮಾಡುವ ಮರವೇ ಅದು.

ಮಾರ್ಚ್ ಕೊನೆಯಿಂದ ಮೇವರೆಗೆ ಮತ್ತು ಅಕ್ಟೋಬರ್–ನವೆಂಬರ್‌ನಲ್ಲಿ ಗಾಳಿ ದಿಕ್ಕು ಬದಲಿಸುವ ಕಾಲ. ಆಗ ಗಾಳಿ ಇರುವುದೇ ಇಲ್ಲ ಎನ್ನುವಷ್ಟು ಮಂದ. ಬೆಳಗಿನಿಂದ ನೆಲ ಕಾಯುತ್ತದೆ, ಬೇರೆ ಬೇರೆ ಕರಾವಳಿಯಿಂದ ಬಂದ ಕಡಲಗಾಳಿಗಳು ದ್ವೀಪದ ಮೇಲೆ ಎದುರಾಗಿ ಗಾಳಿ ಮೇಲಕ್ಕೇಳುತ್ತದೆ, ಮಧ್ಯಾಹ್ನ ಎರಡರಿಂದ ಐದರೊಳಗೆ ಗುಡುಗು ಸಿಡಿಲಿನ ಮಳೆ. ಗಂಟೆಯೊಳಗೆ ಮುಗಿದೂ ಹೋಗುತ್ತದೆ. ಅಂದಾಜಿಗೆ ಒಂದು ಗುರುತು: ಏಪ್ರಿಲ್, ಮೇ, ಅಕ್ಟೋಬರ್, ನವೆಂಬರ್‌ನಲ್ಲಿ ಬೆಳಗ್ಗೆ ಹತ್ತಕ್ಕೆ ಎಲೆ ಅಲುಗದಂತೆ ಇದ್ದು, ಹನ್ನೊಂದರ ಹೊತ್ತಿಗೆ ಹೂಕೋಸಿನಂಥ ಮೋಡ ಏಳತೊಡಗಿದರೆ, ಮಧ್ಯಾಹ್ನ ಒಂದೂವರೆಯೊಳಗೆ ಬಟ್ಟೆ ಒಳಗೆ ತನ್ನಿ. ಇಂಥ ಮಳೆ ಊರಿಡೀ ಬರುವುದಿಲ್ಲ. ದ್ವೀಪದ ಪೂರ್ವ–ಪಶ್ಚಿಮ ಅಗಲ ಐವತ್ತು ಕಿಲೋಮೀಟರ್ ಮಾತ್ರ ಇದ್ದರೂ ಪಶ್ಚಿಮದ ಜುರಾಂಗ್‌ನಲ್ಲಿ ಮೋರಿ ತುಂಬಿ ಹರಿಯುವಾಗ ಚಾಂಗಿಯಲ್ಲಿ ಬಿಸಿಲು ಇರುತ್ತದೆ. ಸರಾಸರಿಯಲ್ಲೂ ಉತ್ತರ, ಪಶ್ಚಿಮ ಭಾಗಕ್ಕೆ ಮಳೆ ಹೆಚ್ಚು, ಪೂರ್ವಕ್ಕೆ ಕಡಿಮೆ.

ಜೂನ್‌ನಿಂದ ಸೆಪ್ಟೆಂಬರ್ ನೈಋತ್ಯ ಮಾನ್ಸೂನ್. ನಮ್ಮ ಕರಾವಳಿಗೆ ಮಳೆ ತರುವ ವ್ಯವಸ್ಥೆಯ ಭಾಗವೇ ಇದು, ಆದರೆ ಪಶ್ಚಿಮಕ್ಕೆ ಸುಮಾತ್ರಾ ದ್ವೀಪದ ಬೆಟ್ಟಸಾಲು ಅಡ್ಡ ನಿಂತಿರುವುದರಿಂದ ಇಲ್ಲಿಗೆ ಜೋರು ತಗ್ಗಿ ಬರುತ್ತದೆ. ಈ ಕಾಲದ ವಿಶೇಷ ‘ಸುಮಾತ್ರಾ ಸ್ಕ್ವಾಲ್’. ಏಪ್ರಿಲ್‌ನಿಂದ ನವೆಂಬರ್‌ವರೆಗೂ ಆಗಾಗ ಬರುತ್ತದೆ. ರಾತ್ರಿ ಸುಮಾತ್ರಾದ ಮೇಲೋ ಮಲಾಕ್ಕಾ ಜಲಸಂಧಿಯ ಮೇಲೋ ಗುಡುಗು ಮೋಡಗಳು ಒಂದು ಸಾಲಾಗಿ ಕಟ್ಟಿ, ಬೆಳಗಿನ ಜಾವದಿಂದ ಬೆಳಗ್ಗೆಯೊಳಗೆ ಪಶ್ಚಿಮದಿಂದ ದ್ವೀಪವನ್ನು ದಾಟುತ್ತವೆ. ಮೊದಲು ಗಾಳಿ ಸ್ತಬ್ಧ. ಆಮೇಲೆ ಒಮ್ಮೆಗೇ ತಣ್ಣನೆಯ ಗಾಳಿ, ಗಂಟೆಗೆ 40ರಿಂದ 80 ಕಿಲೋಮೀಟರ್ ವೇಗದಲ್ಲಿ. ಬಾಗಿಲುಗಳು ಬಡಿದುಕೊಳ್ಳುತ್ತವೆ, ಕೆಲವೇ ನಿಮಿಷದಲ್ಲಿ ನಾಲ್ಕೈದು ಡಿಗ್ರಿ ಇಳಿಯುತ್ತದೆ, ಮಳೆ ಅಡ್ಡಡ್ಡ ಬೀಳುತ್ತದೆ. ಒಂದೆರಡು ಗಂಟೆ ಸುರಿದು ಪೂರ್ವಕ್ಕೆ ಸಾಗುತ್ತದೆ. ಈ ತಿಂಗಳುಗಳಲ್ಲಿ ಪಶ್ಚಿಮ ಬದಿಯ ಕಿಟಕಿ ತೆರೆದಿಟ್ಟು ಮಲಗಿದರೆ ಎರಚಲಿಗೆ ಹಾಸಿಗೆ ಒದ್ದೆಯಾಗುವುದು ಖಂಡಿತ. ಲ್ಯಾಪ್‌ಟಾಪ್, ಚಾರ್ಜರ್ ಕಿಟಕಿಯಿಂದ ಕನಿಷ್ಠ ಒಂದು ಮೀಟರ್ ದೂರ ಇರಲಿ. ಇಷ್ಟು ಉಷ್ಣತೆ ಒಮ್ಮೆಗೇ ಕುಸಿದರೆ ಮರದ ಕೊಂಬೆಯ ಮೇಲೆ ಬೆಳೆಯುವ ‘ಪಾರಿವಾಳದ ಆರ್ಕಿಡ್’ ಎಂಬ ಗಿಡಕ್ಕೆ ಹೂ ಬಿಡಲು ಅದೇ ಸಂಕೇತ. ಅಂಥ ಮಳೆಯಾದ ಒಂಬತ್ತನೇ ದಿನ ಊರಿನಲ್ಲಿರುವ ಈ ಗಿಡಗಳೆಲ್ಲ ಒಟ್ಟಿಗೆ ಬಿಳಿ ಹೂ ಬಿಟ್ಟು, ಒಂದೇ ದಿನದಲ್ಲಿ ಬಾಡುತ್ತವೆ. ನೋಡಬೇಕೆಂದಿರುವವರು ಸ್ಕ್ವಾಲ್ ಬಂದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಚಂಡಮಾರುತದ ಭಯ ಇಲ್ಲಿ ಇಲ್ಲವೆನ್ನಬಹುದು. ಭೂಮಿಯ ತಿರುಗುವಿಕೆಯಿಂದ ಗಾಳಿಗೆ ಸಿಗುವ ಸುಳಿ ಸಮಭಾಜಕದ ಬಳಿ ತೀರ ದುರ್ಬಲ. ಆದರೂ 2001ರ ಡಿಸೆಂಬರ್ 27ರಂದು ‘ವಾಮೇ’ ಎಂಬ ಚಂಡಮಾರುತ ಸುಮಾರು 1.4 ಡಿಗ್ರಿ ಉತ್ತರದಲ್ಲಿ, ಸಿಂಗಪುರದ ಪಕ್ಕದಲ್ಲೇ ಹುಟ್ಟಿತ್ತು. ಹವಾಮಾನ ಶಾಸ್ತ್ರದಲ್ಲಿ ಅಪರೂಪದ ಘಟನೆಯಾಗಿ ಇಂದಿಗೂ ಅದರ ಚರ್ಚೆ ನಡೆಯುತ್ತದೆ.

ಮುನ್ಸೂಚನೆಯಲ್ಲಿ ‘ಮಧ್ಯಾಹ್ನ ಗುಡುಗು ಮಳೆ’ ಎಂದು ವಾರವಿಡೀ ಬರೆದಿರುತ್ತದೆ, ಅದರಿಂದ ಉಪಯೋಗ ಕಡಿಮೆ. ಹವಾಮಾನ ಇಲಾಖೆಯ ಎರಡು ಗಂಟೆಯ ಮುನ್ಸೂಚನೆ ಬಡಾವಣೆವಾರು ಬರುತ್ತದೆ, ಅದನ್ನು ನೋಡಿ. ಜೊತೆಗೆ ರೇಡಾರ್ ಚಿತ್ರ. ಮಧ್ಯಾಹ್ನದ ಮಳೆಗೆ 50 ಕಿಲೋಮೀಟರ್ ಚಿತ್ರ ಸಾಕು. ಸ್ಕ್ವಾಲ್‌ಗೆ 240 ಕಿಲೋಮೀಟರ್ ಚಿತ್ರ ತೆರೆದರೆ ಸುಮಾತ್ರಾ ಕಡೆಯಿಂದ ಬಾಗಿದ ಕೆಂಪು ಗೆರೆ ಬರುತ್ತಿರುವುದು ಎಷ್ಟೋ ಸಲ ಎರಡು ಮೂರು ಗಂಟೆ ಮೊದಲೇ ಕಾಣುತ್ತದೆ.

ತೇವ

ನನ್ನ ಪ್ರಕಾರ ಈ ಊರಿನ ಹವೆಯಲ್ಲಿ ಅರ್ಥ ಮಾಡಿಕೊಳ್ಳಲೇಬೇಕಾದ ಸಂಖ್ಯೆ ಉಷ್ಣತೆಯಲ್ಲ, ಇಬ್ಬನಿ ಬಿಂದು. ಗಾಳಿ ಎಷ್ಟು ಡಿಗ್ರಿಗೆ ತಣ್ಣಗಾದರೆ ಅದರಲ್ಲಿರುವ ನೀರಾವಿ ಹನಿಯಾಗುತ್ತದೋ ಅದು. ಆರ್ದ್ರತೆ ಬೆಳಗಿನ ಜಾವ ಶೇಕಡಾ 90 ದಾಟಿ, ಮಳೆಯಿಲ್ಲದ ಮಧ್ಯಾಹ್ನ 60ಕ್ಕೆ ಇಳಿಯುತ್ತದೆ. ಮಧ್ಯಾಹ್ನ ಗಾಳಿ ಒಣಗಿತು ಎಂದು ಇದರ ಅರ್ಥವಲ್ಲ. ಗಾಳಿಯಲ್ಲಿರುವ ನೀರು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಗಾಳಿ ಬಿಸಿಯಾದದ್ದರಿಂದ ಶೇಕಡಾವಾರು ಕಡಿಮೆ ಕಾಣುತ್ತದೆ. 25 ಡಿಗ್ರಿಯಲ್ಲಿ ಶೇಕಡಾ 90 ಇದ್ದರೂ, 30 ಡಿಗ್ರಿಯಲ್ಲಿ ಶೇಕಡಾ 70 ಇದ್ದರೂ ಇಬ್ಬನಿ ಬಿಂದು 23–24ರ ಸುಮಾರೇ. ವರ್ಷದ ಬಹುಪಾಲು ದಿನ ಅದು 23ರಿಂದ 25ರ ನಡುವೆ ನಿಂತಿರುತ್ತದೆ. ಅಂದರೆ ಮನೆಯಲ್ಲಿ ಇದಕ್ಕಿಂತ ತಣ್ಣಗಿರುವ ಯಾವ ವಸ್ತುವಿಗೆ ಹೊರಗಿನ ಗಾಳಿ ತಾಗಿದರೂ ಅದು ಬೆವರುತ್ತದೆ.

ಏಸಿ ಇರುವ ಕೋಣೆಯಲ್ಲಿ ಬೂಷ್ಟು ಹಿಡಿಯುವುದು ಹೀಗೆ. ರಾತ್ರಿಯಿಡೀ 20 ಡಿಗ್ರಿಗೆ ಇಟ್ಟಿರುತ್ತಾರೆ. ಗೋಡೆ, ವಾರ್ಡ್‌ರೋಬಿನ ಹಿಂಬದಿ, ಹಾಸಿಗೆ ಎಲ್ಲ 20–21ಕ್ಕೆ ತಣ್ಣಗಾಗಿರುತ್ತವೆ. ಬೆಳಗ್ಗೆ ಏಸಿ ಆರಿಸಿ ‘ಗಾಳಿ ಆಡಲಿ’ ಎಂದು ಕಿಟಕಿ ತೆರೆಯುತ್ತಾರೆ. 24ರ ಇಬ್ಬನಿ ಬಿಂದುವಿನ ಗಾಳಿ ಒಳಗೆ ಬಂದು ಅಷ್ಟೂ ತಣ್ಣನೆಯ ಮೈಗಳ ಮೇಲೆ ಸಣ್ಣಗೆ ನೀರು ಕೂರಿಸುತ್ತದೆ. ಕಿಟಕಿ ಎದುರಿನ ಜಾಗ ಬೇಗ ಆರುತ್ತದೆ. ಗಾಳಿ ಸುಳಿಯದ ವಾರ್ಡ್‌ರೋಬಿನ ಹಿಂದೆ ಆರುವುದಿಲ್ಲ. ಕೆಲವು ವಾರದಲ್ಲಿ ಅಲ್ಲಿ ಹಸಿರು–ಕಪ್ಪು ಚುಕ್ಕೆ, ಮುಗ್ಗಲು ವಾಸನೆ. ತಡೆಯುವ ದಾರಿ: ಏಸಿ 25–26ಕ್ಕೆ ಇಟ್ಟು ಜೊತೆಗೆ ಫ್ಯಾನ್ ಹಾಕಿ. ಆರಿಸಿದ ಮೇಲೆ ಅರ್ಧ ಗಂಟೆ ಫ್ಯಾನ್ ತಿರುಗಲಿ, ಆಮೇಲೆ ಕಿಟಕಿ ತೆಗೆಯಿರಿ. ವಾರ್ಡ್‌ರೋಬ್ ಗೋಡೆಯಿಂದ ನಾಲ್ಕು ಬೆರಳು ದೂರ ನಿಲ್ಲಿಸಿ.

ಏಸಿ ದೊಡ್ಡದಿದ್ದಷ್ಟೂ ಒಳ್ಳೆಯದು ಎಂಬುದು ಇಲ್ಲಿ ತಪ್ಪು. 12 ಚದರ ಮೀಟರ್ ಮಲಗುವ ಕೋಣೆಗೆ 9,000 ಬಿಟಿಯು (ಏಸಿಯ ಸಾಮರ್ಥ್ಯದ ಅಳತೆ) ಸಾಕು. ಅದಕ್ಕಿಂತ ದೊಡ್ಡದು ಹಾಕಿದರೆ ಕೋಣೆ ಬೇಗ ತಣ್ಣಗಾಗಿ ಕಂಪ್ರೆಸರ್ ನಿಲ್ಲುತ್ತದೆ, ಗಾಳಿಯ ನೀರನ್ನು ಹಿಂಡಿ ತೆಗೆಯುವಷ್ಟು ಹೊತ್ತು ಓಡುವುದೇ ಇಲ್ಲ. ಕೋಣೆ ತಂಪಾಗಿದ್ದೂ ಜಿಗುಟು. ಫಿಲ್ಟರನ್ನು ಎರಡು ವಾರಕ್ಕೊಮ್ಮೆ ನೀರಲ್ಲಿ ತೊಳೆಯಿರಿ, ಮೂರು ತಿಂಗಳಿಗೊಮ್ಮೆ ಸರ್ವಿಸ್ ಮಾಡಿಸಿ. ಒಳಗಿನ ಯೂನಿಟ್‌ನಿಂದ ನೀರು ತೊಟ್ಟಿಕ್ಕಿದರೆ ಬಹುಪಾಲು ಕಾರಣ ಡ್ರೈನ್ ಪೈಪಿನಲ್ಲಿ ಬೆಳೆದ ಲೋಳೆ. ಸರ್ವಿಸ್‌ಗೆ ಬಂದವರು ವ್ಯಾಕ್ಯೂಮ್ ಹಾಕಿ ಎಳೆದುಬಿಡುತ್ತಾರೆ. ಗ್ಯಾಸ್ ತುಂಬಿಸಬೇಕು ಎಂದು ಯಾರಾದರೂ ಹೇಳಿದರೆ ಮೊದಲು ಈ ಪೈಪ್ ನೋಡಿಸಿ.

ಗೋಡೆಗೆ ಬೂಷ್ಟು ಬಂದೇಬಿಟ್ಟಿದ್ದರೆ ಅದರ ಮೇಲೆ ಪೇಂಟ್ ಬಳಿಯಬೇಡಿ, ಮತ್ತೆ ಒಡೆದು ಬರುತ್ತದೆ. ನೀರು ಬೆರೆಸಿದ ಬ್ಲೀಚಿನಿಂದ ಒರೆಸಿ, ಪೂರ್ತಿ ಒಣಗಿಸಿ, ಆಮೇಲೆ ಬೂಷ್ಟು ನಿರೋಧಕ ಪೇಂಟ್. ವಿನೆಗರ್ ಬಳಸುವುದಾದರೆ ವಿನೆಗರ್ ಮಾತ್ರ. ಬ್ಲೀಚಿಗೆ ವಿನೆಗರ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ಅಪಾಯ.

ಊರಿನಿಂದ ತಂದ ರೇಷ್ಮೆ ಸೀರೆಗಳ ವಿಷಯಕ್ಕೆ ಬಂದರೆ, ಪ್ಲಾಸ್ಟಿಕ್ ಕವರ್ ಶತ್ರು. ಒಳಗೆ ಸಿಕ್ಕಿದ ತೇವ ಹೊರಗೆ ಹೋಗದೆ ಜರಿ ಕಪ್ಪಾಗುತ್ತದೆ. ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿ ಇಡಿ. ಎರಡು ಮೂರು ತಿಂಗಳಿಗೊಮ್ಮೆ, ಏಸಿಯ ಡ್ರೈ ಮೋಡ್ ಒಂದು ಗಂಟೆ ಓಡಿದ ಕೋಣೆಯಲ್ಲಿ, ಬಿಚ್ಚಿ ಮಡಿಕೆ ಬದಲಿಸಿ. ನುಸಿಗುಳಿಗೆ ಜರಿಗೆ ತಾಗದಿರಲಿ. ಗಾಳಿಯ ತೇವ ತೆಗೆಯುವ ಡಿಹ್ಯೂಮಿಡಿಫೈಯರ್ ಕೊಳ್ಳುವುದಾದರೆ ದಿನಕ್ಕೆ 10–12 ಲೀಟರ್ ನೀರು ಎಳೆಯುವಂಥದ್ದು ಒಂದು ಕೋಣೆಗೆ ಧಾರಾಳ. ಕಿಟಕಿ ಮುಚ್ಚಿ ಓಡಿಸಿ, ಇಲ್ಲದಿದ್ದರೆ ಅದು ಹೊರಗಿನ ಗಾಳಿಯನ್ನೇ ಒಣಗಿಸುತ್ತ ಕೂರುತ್ತದೆ. ಶೇಕಡಾ 55–60ಕ್ಕೆ ನಿಲ್ಲಿಸಿದರೆ ಸಾಕು. ಬೀರುವಿನಲ್ಲಿ ಇಡುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿಗಳೂ ಕೆಲಸ ಮಾಡುತ್ತವೆ, ಆದರೆ ತುಂಬಿದ ನೀರು ಚೆಲ್ಲಿದರೆ ಚರ್ಮದ ಚೀಲ, ಬೆಲ್ಟ್ ಹಾಳು. ಕ್ಯಾಮೆರಾ ಲೆನ್ಸ್‌ಗೆ ಶಿಲೀಂಧ್ರ ಹತ್ತಿದರೆ ಗಾಜನ್ನೇ ಕೊರೆಯುತ್ತದೆ, ಅದಕ್ಕೆ ಆರ್ದ್ರತೆಯನ್ನು 40–50 ಶೇಕಡಾದಲ್ಲಿ ಇಡುವ ಡ್ರೈ ಕ್ಯಾಬಿನೆಟ್ಟೇ ಬೇಕು. ಇನ್ನು ಶೂ: ಮದುವೆಗೆಂದು ಕೊಂಡು ಡಬ್ಬಿಯಲ್ಲಿಟ್ಟ ಶೂ ಕೆಲವು ವರ್ಷದ ನಂತರ ಹಾಕಿದರೆ ನಡೆಯುತ್ತಿದ್ದಂತೆ ಅಟ್ಟೆ ಪುಡಿಯಾಗಿ ಉದುರುತ್ತದೆ. ಪಾಲಿಯುರೆಥೇನ್ ಎಂಬ ವಸ್ತು ತೇವದೊಂದಿಗೆ ನಿಧಾನವಾಗಿ ಒಡೆಯುವುದೇ ಕಾರಣ. ಕೃತಕ ಚರ್ಮದ ಸೋಫಾ ಸುಲಿಯುವುದಕ್ಕೂ ಇದೇ. ಶೂ ಆಗಾಗ ಹಾಕುತ್ತಿರಿ, ಇಲ್ಲವೇ ರಬ್ಬರ್ ಅಟ್ಟೆಯದು ಕೊಳ್ಳಿ.

ಬಟ್ಟೆ ವಾಸನೆ ಬರುವುದು ಸೋಪಿನ ದೋಷದಿಂದಲ್ಲ, ಒದ್ದೆಯಾಗಿ ಹೆಚ್ಚು ಹೊತ್ತು ಇದ್ದುದರಿಂದ. ಮಷೀನ್ ನಿಂತ ಕೂಡಲೇ ತೆಗೆಯಿರಿ, 1,000 ಸುತ್ತಿಗಿಂತ ಹೆಚ್ಚಿನ ಸ್ಪಿನ್ ಹಾಕಿ, ಬಟ್ಟೆಗಳ ನಡುವೆ ಒಂದು ಗೇಣು ಬಿಡಿ. ಬೆಳಗ್ಗೆ ಒಂಬತ್ತಕ್ಕೆ ಹರವಿದರೆ ಸಾಮಾನ್ಯ ದಿನ ಒಂದರೊಳಗೆ ಒಣಗುತ್ತದೆ. ಸಂಜೆ ಹರವಿ ರಾತ್ರಿ ಹೊರಗೆ ಬಿಡುವುದು ವ್ಯರ್ಥ. ಶೇಕಡಾ 90ರ ಗಾಳಿಯಲ್ಲಿ ಏನೂ ಒಣಗುವುದಿಲ್ಲ.

ಅಡುಗೆಮನೆಯಲ್ಲಿ ಈ ಹವೆಯಿಂದ ಲಾಭವೂ ಇದೆ. ಇಡ್ಲಿ ಹಿಟ್ಟು ಹುಳಿ ಬರಲು ವರ್ಷದ ಯಾವ ದಿನವೂ ತಕರಾರಿಲ್ಲ, ಆರರಿಂದ ಎಂಟು ಗಂಟೆ ಸಾಕು. ಬೆಂಗಳೂರಿನ ಚಳಿಗಾಲದ ಅಭ್ಯಾಸದಲ್ಲಿ ಹನ್ನೆರಡು ಗಂಟೆ ಬಿಟ್ಟರೆ ಉಕ್ಕಿ ಕಟ್ಟೆಗೆ ಹರಿದಿರುತ್ತದೆ, ಇಡ್ಲಿ ಹುಳಿಯಾಗಿ ಚಪ್ಪಟೆಯಾಗುತ್ತದೆ. ಪಾತ್ರೆ ಅರ್ಧ ಮಾತ್ರ ತುಂಬಿಸಿ. ಮೊಸರು ನಾಲ್ಕೈದು ಗಂಟೆಯಲ್ಲಿ ಹೆಪ್ಪುಗಟ್ಟುತ್ತದೆ, ಕೂಡಲೇ ಫ್ರಿಜ್‌ಗೆ. ರವೆ ಹುರಿದು ಫ್ರಿಜ್‌ನಲ್ಲಿಡಿ. ಅವಲಕ್ಕಿ, ಬೇಳೆಗೂ ಅದೇ ಜಾಗ ಒಳ್ಳೆಯದು, ಇಲ್ಲವಾದರೆ ಹುಳು. ಹಪ್ಪಳ, ಸಂಡಿಗೆ ಹಾಕುವ ಆಸೆ ಇದ್ದರೆ ಫೆಬ್ರವರಿಯಲ್ಲಿ ಹಾಕಿ, ಸತತ ಮೂರು ದಿನ ಬಿಸಿಲು ಸಿಗುವ ಸಾಧ್ಯತೆ ಹೆಚ್ಚಿರುವುದು ಆಗ. ನವೆಂಬರ್‌ನಲ್ಲಿ ಹಾಕಿದ ಸಂಡಿಗೆ ಮೇಲೆ ಒಣಗಿ ಒಳಗೆ ಬೂಸಲು ಹಿಡಿಯುತ್ತದೆ. ಉಪ್ಪಿನಕಾಯಿಗೆ ಉಪ್ಪು ಕಡಿಮೆ ಮಾಡುವ ಪ್ರಯೋಗ ಈ ಊರಿನಲ್ಲಿ ಬೇಡ.

ಮೈ, ಸಿಡಿಲು, ಹೊಗೆ, ಸೊಳ್ಳೆ

ಓಡುವವರು ಉಷ್ಣತೆ ನೋಡಿ ಮೋಸ ಹೋಗುತ್ತಾರೆ. ಉಷ್ಣತೆ, ತೇವ, ಗಾಳಿ, ಬಿಸಿಲು ನಾಲ್ಕನ್ನೂ ಸೇರಿಸಿ ಅಳೆಯುವ ವೆಟ್ ಬಲ್ಬ್ ಗ್ಲೋಬ್ ಟೆಂಪರೇಚರ್ ಎಂಬುದನ್ನು ನೋಡಬೇಕು. 2023ರ ಜುಲೈಯಿಂದ ಇದರ ಮೇಲೆ ಸಾರ್ವಜನಿಕ ಸಲಹೆ ಕೊಡುತ್ತಿದ್ದಾರೆ: 31ಕ್ಕಿಂತ ಕಡಿಮೆ ಇದ್ದರೆ ಅಡ್ಡಿಯಿಲ್ಲ, 31ರಿಂದ 33ರೊಳಗೆ ಮಧ್ಯಮ ಅಪಾಯ, 33 ಮುಟ್ಟಿದರೆ ಹೆಚ್ಚು. ಬೆಳಗ್ಗೆ ಏಳಕ್ಕೆ ಮೊದಲು ತೇವ ಹೆಚ್ಚಿದ್ದರೂ ಬಿಸಿಲಿಲ್ಲದ ಕಾರಣ ಈ ಅಳತೆ ಕಡಿಮೆ. ಊರಿನಿಂದ ಬಂದ ಮೊದಲ ಎರಡು ವಾರ ವೇಗ ತಗ್ಗಿಸಿ. ಬೆವರು ಬೇಗ ಶುರುವಾಗಿ ಅದರಲ್ಲಿ ಉಪ್ಪು ಕಡಿಮೆ ಹೋಗುವಂತೆ ಮೈ ಹೊಂದಿಕೊಳ್ಳಲು ಅಷ್ಟು ಕಾಲ ಹಿಡಿಯುತ್ತದೆ.

ಗುಡುಗಿನ ದಿನಗಳು ವರ್ಷಕ್ಕೆ 160ಕ್ಕೂ ಹೆಚ್ಚು. ಆಟದ ಮೈದಾನ, ಈಜುಕೊಳದಲ್ಲಿ ಸಿಡಿಲಿನ ಎಚ್ಚರಿಕೆ ಮೊಳಗಿದರೆ ಮಳೆ ಇನ್ನೂ ಬಂದಿಲ್ಲ ಎಂದು ವಾದಿಸಬೇಡಿ, ಕಟ್ಟಡದೊಳಗೆ ಬನ್ನಿ. ಮರದಡಿ ನಿಲ್ಲುವುದು ಬಯಲಿನಷ್ಟೇ ಅಪಾಯ.

ಜೂನ್‌ನಿಂದ ಅಕ್ಟೋಬರ್‌ವರೆಗೆ ಇಂಡೋನೇಷ್ಯಾದ ಸುಮಾತ್ರಾ, ಕಾಲಿಮಂಟಾನ್‌ನಲ್ಲಿ ಜೌಗು ನೆಲದ ಬೆಂಕಿಯ ಹೊಗೆ ಗಾಳಿಯೊಂದಿಗೆ ಬರಬಹುದು. ಪೆಸಿಫಿಕ್ ಸಾಗರದ ನೀರು ಬಿಸಿಯೇರಿ ಈ ಭಾಗಕ್ಕೆ ಮಳೆ ಕಡಿಮೆಯಾಗುವ ಎಲ್ ನಿನೋ ವರ್ಷಗಳಲ್ಲಿ ಇದು ಜೋರು. 1997, 2015 ಅಂಥವು. ಮಾಲಿನ್ಯದ ಸೂಚ್ಯಂಕ ಪಿಎಸ್‌ಐ 2013ರ ಜೂನ್ 21ರಂದು 401 ಮುಟ್ಟಿತ್ತು. 100 ದಾಟಿದರೇ ಅನಾರೋಗ್ಯಕರ. ಅಸ್ತಮಾ ಇರುವವರು ಮೇ ತಿಂಗಳಲ್ಲೇ ಎನ್95 ಮಾಸ್ಕ್, ಒಂದು ಏರ್ ಪ್ಯೂರಿಫೈಯರ್ ಮನೆಗೆ ತಂದಿಡಿ. ಹೊಗೆ ಬಂದ ದಿನ ಅಂಗಡಿ ಖಾಲಿಯಾಗಿರುತ್ತದೆ.

ಚಳಿಗಾಲ ಇಲ್ಲದ್ದರಿಂದ ಡೆಂಗಿ ಸೊಳ್ಳೆಗೆ ರಜೆ ಇಲ್ಲ. 2020ರಲ್ಲಿ 35 ಸಾವಿರಕ್ಕೂ ಹೆಚ್ಚು ಜನರಿಗೆ ಡೆಂಗಿ ಬಂದಿತ್ತು. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ ಸಾಕು, ಆದ್ದರಿಂದ ದೇವರ ಮನೆಯ ಹೂದಾನಿಯ ನೀರು ಎರಡು ದಿನಕ್ಕೊಮ್ಮೆ ಚೆಲ್ಲಿ, ಕುಂಡದ ಕೆಳಗಿನ ತಟ್ಟೆ ತೆಗೆದುಬಿಡಿ, ಗಟ್ಟಿಯಾದ ಮಣ್ಣು ಸಡಿಲಿಸಿ. ಹಳೆಯ ಎಚ್‌ಡಿಬಿ (ಸರ್ಕಾರಿ ವಸತಿ ಮಂಡಳಿ) ಮನೆಗಳ ಕಿಟಕಿ ಹೊರಗೆ ಬಟ್ಟೆಯ ಬಿದಿರು ಕೋಲು ಸಿಕ್ಕಿಸುವ ಕೊಳವೆ ಇರುತ್ತದಲ್ಲ, ಕೋಲು ಇಲ್ಲದಾಗ ಅದರಲ್ಲಿ ಮಳೆನೀರು ನಿಲ್ಲುತ್ತದೆ. ಅದಕ್ಕೆ ಮುಚ್ಚಳ ಹಾಕಿ. ತಪಾಸಣೆಗೆ ಬರುವವರು ಮೊದಲು ನೋಡುವ ಜಾಗಗಳಲ್ಲಿ ಅದೂ ಒಂದು.

ಅಪ್ಪ ಅಮ್ಮನನ್ನು ಕರೆಸಿಕೊಳ್ಳುವವರಿಗೆ ಫೆಬ್ರವರಿ ಮೊದಲ ವಾರದಿಂದ ಮಾರ್ಚ್ ನಡುವಿನವರೆಗಿನ ಕಾಲ ಒಳ್ಳೆಯದು. ಚೀನೀ ಹೊಸ ವರ್ಷ ಯಾವಾಗ ಬೀಳುತ್ತದೆ ನೋಡಿ ಟಿಕೆಟ್ ಮಾಡಿ, ಆ ಎರಡು ಮೂರು ದಿನ ಅನೇಕ ಅಂಗಡಿ, ಹೋಟೆಲು ಮುಚ್ಚಿರುತ್ತವೆ. ಡಿಸೆಂಬರ್ ಶಾಲಾ ರಜೆಯಲ್ಲೇ ಬರಬೇಕಾದರೆ ಒಂದೆರಡು ದಿನ ಮಳೆಗೆ ಬಿಟ್ಟು ತಿರುಗಾಟ ಹಾಕಿಕೊಳ್ಳಿ. ಅವರ ಪೆಟ್ಟಿಗೆಯಲ್ಲಿ ಸ್ವೆಟರ್ ಒಂದಿರಲಿ, ಹೊರಗಿನ ಹವೆಗಲ್ಲ: ಮಾಲ್, ಮೆಟ್ರೋ, ಆಸ್ಪತ್ರೆಗಳ ಒಳಗೆ 22–23 ಡಿಗ್ರಿ ಇರುತ್ತದೆ, ಬೆವರಿದ ಮೈಯಲ್ಲಿ ಒಳಹೊಕ್ಕರೆ ವಯಸ್ಸಾದವರಿಗೆ ನಡುಕ ಬರುತ್ತದೆ. ತೆಳು ಹತ್ತಿಯ ಬಟ್ಟೆ ದಿನಕ್ಕೆ ಎರಡು ಜೊತೆಯಂತೆ, ಒದ್ದೆ ನೆಲದಲ್ಲಿ ಜಾರದ ಚಪ್ಪಲಿ, ಒಬ್ಬೊಬ್ಬರಿಗೆ ಒಂದೊಂದು ಮಡಿಚುವ ಕೊಡೆ. ತಿರುಗಾಟ ಬೆಳಗ್ಗೆ ಎಂಟರಿಂದ ಹನ್ನೊಂದು, ಮತ್ತೆ ಸಂಜೆ ಐದೂವರೆಯಿಂದ ಒಂಬತ್ತು. ನಡುವಿನ ಹೊತ್ತಿಗೆ ಮ್ಯೂಸಿಯಂ ಇಲ್ಲವೇ ಮನೆಯಲ್ಲಿ ನಿದ್ದೆ.